ಕೋಟೆಯಲ್ಲಿ ಇನ್ನೂರು ತೋಪು

ಜೋಡುನಳಿಗೆಯೋ ರಿವಾಲ್ವರೋ ಎಂಬ ಪ್ರಶ್ನೆಗೆ ಈ ವಾರ ಉತ್ತರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮಾನ್ವಿ ಕಡೆ ಊರಾಚೆ ಹೊಲದಲ್ಲೇ ಮನೆ ಕಟ್ಟಿಕೊಂಡವರು ಕೇಳಿದ್ದು. ಉತ್ತರ ಚಿಕ್ಕದು: 12 ಬೋರಿನ ಜೋಡುನಳಿಗೆ. ಭುಜಕ್ಕೆ ಆನಿಸಿ ಎರಡೂ ಕೈಯಲ್ಲಿ ಹಿಡಿದ ಬಂದೂಕು ಗಾಬರಿಯಲ್ಲೂ ದಿಕ್ಕು ಹಿಡಿದಿರುತ್ತದೆ. .32 ರಿವಾಲ್ವರಿನ ಗಿಡ್ಡ ನಳಿಗೆ ಮಣಿಕಟ್ಟು ಸ್ವಲ್ಪ ನಡುಗಿದರೂ ಗುರಿ ಬಿಡುತ್ತದೆ. ಕಲ್ಲುಗೋಡೆಯ ಮನೆಯೊಳಗೆ ಗುರಿ ತಪ್ಪಿದ ಗುಂಡು ಪುಟಿದು ಯಾರ ಮೈಗೆ ಬೀಳುತ್ತದೋ.

ನನ್ನ ತಕರಾರು ಇರುವುದು ಬೇರೆ ಕಡೆ. ಲೈಸೆನ್ಸ್ ಕೈಗೆ ಬಂದರೆ ಸಾಕು, ಮನೆಗೆ ಕಾವಲು ಬಂತು ಎನ್ನುವ ಪಂಥವೊಂದಿದೆ. ಅವರ ಬಂದೂಕು ಆಯುಧಪೂಜೆಗೆ ಹೊರಬರುತ್ತದೆ, ಚುನಾವಣೆ ಬಂದಾಗ ಠಾಣೆಗೆ ಹೋಗುತ್ತದೆ, ಮದುವೆಯಲ್ಲಿ ಆಕಾಶಕ್ಕೆ ಹಾರುತ್ತದೆ. ಸಂಭ್ರಮಕ್ಕೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆ ಕಲಂ ನನಗೆ ಪೂರ್ತಿ ಒಪ್ಪಿಗೆ.

ಈ ಪಂಥದವರು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟದ್ದನ್ನು ಓದಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಒಳಗೆ ಆದಿಲ್‌ಶಾಹಿಯ 8,000 ಕಾಲಾಳು, 400 ಕುದುರೆ, 20 ಆನೆ. ದೊಡ್ಡ ತೋಪುಗಳೇ ಇನ್ನೂರು, ಸಣ್ಣವು ಲೆಕ್ಕದಲ್ಲಿಲ್ಲ. ಕಾವಲಿನವರು ಗೋಡೆಯ ಮೇಲೆ ಅಳುಕಿಲ್ಲದೆ ಓಡಾಡುತ್ತಿದ್ದರು. ಆಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸ ತನ್ನ ಸಣ್ಣ ತಂಡದೊಂದಿಗೆ ಬಂದು, ತಲೆ ಎತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆಯತೊಡಗಿದ. ಮೇಲಿನವರು ಅಡಗಿಕೊಂಡರು, ಕೆಳಗೆ ರಾಯನ ಜನ ಹಾರೆ ಹಾಕಿ ಗೋಡೆಯ ಕಲ್ಲು ಕಿತ್ತರು. ಈ ಪರದೇಶಿಗಳು ಯಾರೆಂದು ನೋಡಲು ಕೋಟೆಯ ಅಧಿಕಾರಿಯೇ ಹೊರಗೆ ಬಾಗಿದ. ಗುಂಡು ನೆಟ್ಟಗೆ ಹಣೆಗೆ ಬಿತ್ತು. ಊರು ಶರಣಾಯಿತು. ಇನ್ನೂರು ತೋಪು ಇದ್ದಲ್ಲೇ ಇದ್ದವು.

ಗುರಿಗಾರಿಕೆ ಪರದೇಶಿಗಳಿಗೇ ಮೀಸಲು ಎಂದುಕೊಳ್ಳಬೇಡಿ. 1705ರಲ್ಲಿ ಕೃಷ್ಣೆಯ ಆಚೆ ದಂಡೆಯ ವಾಗಿನಗೇರಿಗೆ ಔರಂಗಜೇಬ ಖುದ್ದಾಗಿ ದಂಡೆತ್ತಿ ಬಂದಾಗ ಅವನನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವರು ನಮ್ಮ ಬೇಡ ಬಂದೂಕುಗಾರರು. ಅದು ಸಾಧನೆಯಿಂದ ಬಂದ ಕೈ.

ಸಾಧನೆಗೆ ತೋಟಾ ಸುಡಲೇಬೇಕೆಂದಿಲ್ಲ. ನಳಿಗೆ ಮಡಿಸಿ ತೆರೆದು, ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಳ್ಳಿ. ತೋಟಾ ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಆಮೇಲೆ ಜನ ಸುಳಿಯದ ದಿಕ್ಕಿನ ಗೋಡೆಯ ಮೇಲೊಂದು ಚುಕ್ಕೆ ಇಟ್ಟು, ದಿನವೂ ಬಂದೂಕನ್ನು ಭುಜಕ್ಕೆ ಏರಿಸಿ ಇಳಿಸಿ. ಗುಂಡು ಹಾರಿಸುವುದನ್ನು ಪೊಲೀಸರ ನಾಗರಿಕ ಬಂದೂಕು ತರಬೇತಿಯಲ್ಲಿ, ಉಸ್ತುವಾರಿಯಲ್ಲಿ ಕಲಿಯಿರಿ. ಮನೆಯಲ್ಲಿ ಇನ್ನೊಂದನ್ನು ರೂಢಿಸಿಕೊಳ್ಳಿ: ಕತ್ತಲಲ್ಲಿ ಬಾಗಿಲು ತಳ್ಳಿದವನು ತಡವಾಗಿ ಬಂದ ಮಗನೇ ಇರಬಹುದು. ಕೂಗಿ ಕೇಳಿ, ಬೆಳಕು ಬಿಟ್ಟು ಮುಖ ನೋಡುವ ತನಕ ಬೆರಳು ಬಂದೂಕಿನ ಕುದುರೆಯ ಹೊರಗೇ ಇರಬೇಕು.