ಶಲ್ಯನು ಯಾರ ಕಡೆಯವನು?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಿನ ಹಳ್ಳಿಗಳ ದೊಡ್ಡಾಟದ ಪ್ರೇಕ್ಷಕರಿಗೆ ಕರ್ಣಾರ್ಜುನರ ಕಾಳಗವು ಹೊಸ ಕಥೆಯಲ್ಲ. ಕರ್ಣನು ಮಡಿಯುವನೆಂಬುದನ್ನು ಬಲ್ಲವರೇ ಅದನ್ನು ಬೆಳಗಿನವರೆಗೆ ಕುಳಿತು ನೋಡುತ್ತಾರೆ. ಆಟ ಮುಗಿದರೂ ಮುಗಿಯದ ಚರ್ಚೆಯೊಂದಿದ್ದರೆ ಅದು ಸಾರಥಿಯದು: ಶಲ್ಯನು ಯಾರ ಕಡೆಯವನು?

ಧರ್ಮರಾಯನು ಶತ್ರುರಥದಲ್ಲಿ ಕೂರಿಸಿದ ಗೂಢಚಾರನೆಂದು ಕೆಲವರು. ಉಂಡ ಅನ್ನದ ಋಣಕ್ಕೆ ಸಿಕ್ಕಿಬಿದ್ದ ದುರ್ಬಲನೆಂದು ಕೆಲವರು. ಎರಡಕ್ಕೂ ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಆಧಾರವುಂಟು. ನಕುಲ ಸಹದೇವರ ಸೋದರಮಾವನಾದ ಈ ಮದ್ರರಾಜನು ಪಾಂಡವರಲ್ಲಿಗೆ ಹೊರಟಾಗ ದಾರಿಯುದ್ದಕ್ಕೂ ದೊರೆತ ಸತ್ಕಾರವನ್ನು ಯುಧಿಷ್ಠಿರನದೆಂದೇ ಭಾವಿಸಿ ವರವೀಯಲು ಮುಂದಾದನು. ಎದುರಿಗೆ ಬಂದು ನಿಂತವನು ದುರ್ಯೋಧನ. ಕೊಟ್ಟ ಮಾತಿಗೆ ಕಟ್ಟುಬಿದ್ದು ಆ ಪಕ್ಷವನ್ನು ಸೇರಿದನು. ಆಮೇಲೆ ಯುಧಿಷ್ಠಿರನಿಗೂ ಮಾತು ಕೊಟ್ಟನು: ಕರ್ಣನ ತೇಜಸ್ಸನ್ನು ಕುಗ್ಗಿಸುವೆನೆಂದು. (ಇದನ್ನು ಬೇಡಿದವನು ಧರ್ಮರಾಯನೆಂಬುದನ್ನು ನಾವು ಬೇಗ ಮರೆಯುತ್ತೇವೆ.)

ಗೂಢಚಾರನೆಂಬ ವಾದವು ಸರ್ಪಾಸ್ತ್ರದ ಪ್ರಸಂಗದಲ್ಲಿ ಮುರಿದು ಬೀಳುತ್ತದೆ. ಕರ್ಣನ ಬಾಣವು ಅರ್ಜುನನ ಕೊರಳನ್ನು ತಲುಪದೆಂದು ಕಂಡು, ಗುರಿಯನ್ನು ತಿದ್ದಿಕೊಳ್ಳೆಂದು ಎಚ್ಚರಿಸುವವನು ಶಲ್ಯನೇ. ಆತನು ಪಾಂಡವರ ಆಳಾಗಿದ್ದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕೆಲಸ ತಾನಾಗಿ ನೆರವೇರುತ್ತಿತ್ತು. ಕರ್ಣನು ಒಪ್ಪಲಿಲ್ಲ. ಕೃಷ್ಣನು ರಥವನ್ನು ನೆಲಕ್ಕೆ ಒತ್ತಲು ಕಿರೀಟ ಮಾತ್ರ ಹಾರಿತು.

ಎರಡು ಸಲ ಶರಸಂಧಾನ ಮಾಡೆನೆಂಬ ಛಲವೇ ಕರ್ಣನ ನಿರಾಕರಣೆಗೆ ಕಾರಣವೆಂದು ಕಾವ್ಯವು ಹೇಳುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಿತವನ್ನು ಹೇಳಿದ ನಾಲಗೆ ಯಾವುದು? ಹಂಸ ಕಾಗೆಗಳ ಕಥೆ ಹೇಳಿ ಕರ್ಣನನ್ನು ಎಂಜಲುಂಡ ಕಾಗೆಗೆ ಹೋಲಿಸಿದ ನಾಲಗೆಯೇ ಅದು. ಆ ಬಾಯಿಂದ ಬಂದ ನಿಜವನ್ನು ಕರ್ಣನು ಹೇಗೆ ನಂಬಿಯಾನು? ಶಲ್ಯನು ಮಾಡಿದ ತೇಜೋವಧೆಯು ಬೈಗುಳದಲ್ಲಿ ಮುಗಿಯಲಿಲ್ಲ, ತನ್ನ ಸತ್ಯವನ್ನೇ ನಿಷ್ಫಲಗೊಳಿಸಿಕೊಂಡದ್ದರಲ್ಲಿ ಪೂರ್ಣವಾಯಿತೆಂದು ನನಗೆ ತೋರುತ್ತದೆ. ಧರ್ಮರಾಯನಿಗಿತ್ತ ಮಾತು, ಶಲ್ಯನು ಅದನ್ನು ಮೀರಬಯಸಿದ ಕ್ಷಣದಲ್ಲೇ ಫಲಿಸಿತು.

ಇಲ್ಲಿ ಕುಮಾರವ್ಯಾಸನು ಮೂಲವನ್ನು ಬಿಟ್ಟು ನಡೆಯುತ್ತಾನೆ. ವ್ಯಾಸರ ಶಲ್ಯನು ಕರ್ಣನು ಬೀಳುವವರೆಗೂ ಸಾರಥಿಯಾಗಿದ್ದು, ಬಳಿಕ ಬರಿದಾದ ರಥದೊಡನೆ ಹಿಂದಿರುಗುತ್ತಾನೆ. ಗದುಗಿನ ಕವಿಯ ಶಲ್ಯನು ಸಿಟ್ಟಿನಿಂದ ರಥವನ್ನು ಬಿಟ್ಟಿಳಿಯುತ್ತಾನೆ. ಇದನ್ನು ದ್ರೋಹವೆನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ; ರಥಚಕ್ರ ಹೂತಾಗ ಕರ್ಣನು ಒಂಟಿಯಾದನು. ಆದರೆ ಎದುರಾಳಿಯ ಸೋಲನ್ನು ಹಾರೈಸಿದವನಿಗೆ ಇಂತಹ ಸಿಟ್ಟು ಬಾರದು. ಕೈಗೆ ಬಂದ ಗೆಲುವು ಜಾರಿದ್ದನ್ನು ಕಂಡವನ ಸಿಟ್ಟು ಅದು.

ಇಳಿದವನು ಪಾಂಡವರ ಪಾಳೆಯದತ್ತ ನಡೆಯಲಿಲ್ಲವೆಂಬುದನ್ನೂ ಗಮನಿಸಬೇಕು. ಮರುದಿನ ಕೌರವಸೇನೆಯ ಪಟ್ಟವನ್ನು ಕಟ್ಟಿಸಿಕೊಂಡು, ಯಾರಿಗೆ ಮಾತು ಕೊಟ್ಟಿದ್ದನೋ ಆ ಧರ್ಮರಾಯನ ಕೈಯಲ್ಲಿಯೇ ಮಡಿದನು.