ತಿಂದದ್ದೂ ಮೈಗೆ ಹತ್ತಿದ್ದೂ: ಸ್ಥಿರ ಐಸೊಟೋಪ್ ವಿಧಾನದ ವಿಮರ್ಶೆ

ಸ್ಥಿರ ಐಸೊಟೋಪ್ ವಿಧಾನವು ಪ್ರಾಣಿಯ ಆಹಾರವನ್ನು ಅದರ ಮೂಳೆ, ಕೂದಲು, ರಕ್ತ, ಹಲ್ಲುಗಳಲ್ಲಿ ಹುಡುಕುತ್ತದೆ. ಮೇಯುವುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳುವುದು, ಲದ್ದಿ-ಹಿಕ್ಕೆಗಳನ್ನು ಬಿಡಿಸಿ ನೋಡುವುದು, ಸತ್ತ ಪ್ರಾಣಿಯ ಜಠರವನ್ನು ಪರೀಕ್ಷಿಸುವುದು ಹಳೆಯ ಕ್ರಮಗಳು. ಅವು ಬಾಯಿಗೆ ಹೋದದ್ದನ್ನೋ ಜೀರ್ಣವಾಗದೆ ಹೊರಬಂದದ್ದನ್ನೋ ತಿಳಿಸುತ್ತವೆ. ಐಸೊಟೋಪ್ ತಿಳಿಸುವುದು ಮೈಗೆ ಹತ್ತಿದ್ದನ್ನು. ವಿಧಾನದ ಬಲವೂ ಮಿತಿಯೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಒಂದೇ ಮೂಲವಸ್ತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳೇ ಐಸೊಟೋಪುಗಳು; ಅವುಗಳಲ್ಲಿ ವಿಕಿರಣ ಸೂಸದೆ ಉಳಿಯುವವು ಸ್ಥಿರ. ನಿಸರ್ಗದ ಇಂಗಾಲದಲ್ಲಿ ಸುಮಾರು ಶೇ. 1.1ರಷ್ಟು ಭಾರವಾದ ಇಂಗಾಲ-13 ಇರುತ್ತದೆ; ಸಾರಜನಕದಲ್ಲಿ ಸುಮಾರು ಶೇ. 0.37ರಷ್ಟು ಸಾರಜನಕ-15. ಮರ, ಪೊದೆ, ಭತ್ತದಂಥ ಸಿ3 ಸಸ್ಯಗಳು ಆಹಾರ ತಯಾರಿಸುವಾಗ ಭಾರದ ಇಂಗಾಲವನ್ನು ಹೆಚ್ಚಾಗಿ ಹೊರಗಿಡುತ್ತವೆ. ಉಷ್ಣವಲಯದ ಬಹುಪಾಲು ಹುಲ್ಲುಗಳು, ರಾಗಿ, ಜೋಳ, ಕಬ್ಬು ಮೊದಲಾದ ಸಿ4 ಸಸ್ಯಗಳು ಅಷ್ಟು ಹೊರಗಿಡುವುದಿಲ್ಲ. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಎಷ್ಟು ಎಂದು ಅಳೆದರೆ ಮೊದಲ ಗುಂಪು −27ರ, ಎರಡನೆಯದು −13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೈಕೇಲ್ ಡಿನಿರೊ ಮತ್ತು ಸ್ಯಾಮ್ಯುಯೆಲ್ ಎಪ್‌ಸ್ಟೈನ್ 1978ರಲ್ಲಿ ಇಂಗಾಲದ ಬಗ್ಗೆ, 1981ರಲ್ಲಿ ಸಾರಜನಕದ ಬಗ್ಗೆ ಪ್ರಕಟಿಸಿದ ಪ್ರಯೋಗಗಳು, ಗೊತ್ತಿರುವ ಆಹಾರ ಕೊಟ್ಟು ಸಾಕಿದ ಪ್ರಾಣಿಗಳ ದೇಹ ಆ ಆಹಾರದ ಗುರುತನ್ನೇ ಹೊರುತ್ತದೆಂದು ತೋರಿಸಿದವು. ಸಾರಜನಕದ ಅಳತೆ ಆಹಾರ ಸರಪಳಿಯ ಪ್ರತಿ ಮೆಟ್ಟಿಲಿಗೂ ಸಾಮಾನ್ಯವಾಗಿ 3ರಿಂದ 4ರಷ್ಟು ಏರುತ್ತದೆ. ಹೀಗಾಗಿ ಪ್ರಾಣಿ ಯಾವ ಬಗೆಯ ಸಸ್ಯವನ್ನು ಆಧರಿಸಿದೆ ಎಂಬುದನ್ನು ಇಂಗಾಲವೂ, ಸರಪಳಿಯಲ್ಲಿ ಎಷ್ಟು ಮೇಲಿದೆ ಎಂಬುದನ್ನು ಸಾರಜನಕವೂ ಸೂಚಿಸುತ್ತವೆ.

ವಿಧಾನದ ದೊಡ್ಡ ಗುಣವೆಂದರೆ ಕಾಲದ ಅರಿವು. ರಕ್ತದ ಪ್ಲಾಸ್ಮಾ ಕೆಲವೇ ದಿನಗಳ ಊಟವನ್ನು, ಮೂಳೆ ವರ್ಷಗಳ ಊಟವನ್ನು ಹೇಳುತ್ತದೆ. ಕೂದಲು ಬೆಳೆದಂತೆ ಆಯಾ ದಿನಗಳ ಗುರುತು ಅದರಲ್ಲೇ ಉಳಿಯುತ್ತದೆ. ಕೀನ್ಯಾದ ಸಾಂಬುರು ಆನೆಗಳ ಬಾಲದ ಕೂದಲನ್ನು ಉದ್ದಕ್ಕೂ ಅಳೆದು, ಜಿಪಿಎಸ್ ಕೊರಳಪಟ್ಟಿ ನೀಡಿದ ಚಲನೆಯ ದಾಖಲೆಯೊಂದಿಗೆ ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆನೆ ಎಲ್ಲಿದ್ದಾಗ ಏನು ತಿಂದಿತು ಎಂಬುದು ಋತು ಋತುವಿಗೂ ಬಿಡಿಸಿ ಕಂಡಿತು. ಕಾಡಿನಲ್ಲಿ ಹಿಂಬಾಲಿಸಿ ನೋಡುವವರಿಗೆ ಇಷ್ಟು ದೀರ್ಘ ದಾಖಲೆ ದಕ್ಕುವುದು ಕಷ್ಟ.

ಆದರೆ ಈ ದಾಖಲೆಯನ್ನು ಓದುವಾಗ ಎಚ್ಚರ ಬೇಕೆಂದು ಕಲಿಸಿದ್ದು ದಕ್ಷಿಣ ಭಾರತದ ಆನೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ 1992ರಲ್ಲಿ ಆನೆಮೂಳೆಯ ಕೊಲಾಜೆನ್ ಪ್ರೋಟೀನಿನ ವಿಶ್ಲೇಷಣೆಯನ್ನು ಪ್ರಕಟಿಸಿದರು. ಋತುವಿಗೆ ತಕ್ಕಂತೆ ಹುಲ್ಲಿಗೂ ಸೊಪ್ಪು-ತೊಗಟೆಗೂ ಹೊರಳುವ ಈ ಆನೆಗಳು ತಿಂದ ಪ್ರಮಾಣಕ್ಕೆ ಹೋಲಿಸಿದರೆ, ಮೂಳೆಯಲ್ಲಿ ಸೊಪ್ಪಿನ ಇಂಗಾಲದ ಪಾಲೇ ಹೆಚ್ಚಾಗಿತ್ತು. ಸೊಪ್ಪಿನಲ್ಲಿ ಪ್ರೋಟೀನು ಹೆಚ್ಚಿರುವುದು ಇದಕ್ಕೆ ಕಾರಣವಿರಬಹುದೆಂದು ಅವರು ವಿವರಿಸಿದರು. ವಯಸ್ಸೂ ಗಣನೆಗೆ ಬಂತು: ಪ್ರಾಯದ ಆನೆಗಳ ಅಳತೆ −16.0ರಿಂದ −20.3ರ ಒಳಗೇ ಇದ್ದರೆ, ಇನ್ನೂ ಬೆಳೆಯುತ್ತಿದ್ದವುಗಳದು −10.5ರಿಂದ −22.7ರವರೆಗೆ ಹರಡಿತ್ತು. ಎಳೆಯ ಮೂಳೆ ಬೇಗ ಬೇಗ ಬದಲಾಗುವುದರಿಂದ ಹಳೆಯ ಗುರುತು ಅಳಿಸಿಹೋಗುತ್ತದೆ. ಮೂಳೆಯ ಅಂಕಿಯನ್ನು ನೇರವಾಗಿ ಮೇವಿನ ಲೆಕ್ಕವೆಂದು ಓದುವ ಅಭ್ಯಾಸಕ್ಕೆ ಇದು ಅಗತ್ಯವಾದ ತಿದ್ದುಪಡಿಯಾಗಿತ್ತು.

ಇನ್ನೊಂದು ಮಿತಿ ಕರ್ನಾಟಕದ ಕಾಡಂಚಿನ ಹೊಲಗಳಿಗೆ ಸಂಬಂಧಿಸಿದ್ದು. ಕಾಡಿನ ಹುಲ್ಲೂ ಸಿ4, ರೈತನ ರಾಗಿಯೂ ಸಿ4. ಆನೆಯ ಕೂದಲಿನಲ್ಲಿ ಸಿ4 ಗುರುತು ಏರಿದರೆ ಅದು ಮಳೆಗೆ ಚಿಗುರಿದ ಹುಲ್ಲೋ ಕದ್ದು ಮೇಯ್ದ ಬೆಳೆಯೋ ಎಂದು ಇಂಗಾಲವೊಂದೇ ಹೇಳಲಾರದು. ಸಾರಜನಕದ ಅಳತೆ, ಲದ್ದಿಯ ಪರೀಕ್ಷೆ, ಚಲನೆಯ ದಾಖಲೆ ಜೊತೆಗೂಡಿದರೆ ಮಾತ್ರ ಆ ತೀರ್ಮಾನಕ್ಕೆ ಗಟ್ಟಿ ನೆಲೆ ಸಿಗುತ್ತದೆ.

ಅಂಕಿಗಳ ಅನಿಶ್ಚಿತತೆಯನ್ನು ಸಾವೊ ಸಿಂಹಗಳ ಅಧ್ಯಯನ ಸ್ಪಷ್ಟವಾಗಿ ತೋರಿಸುತ್ತದೆ. 1898ರಲ್ಲಿ ಇಂದಿನ ಕೀನ್ಯಾದಲ್ಲಿ ರೈಲುಹಾದಿ ಹಾಕುತ್ತಿದ್ದವರ ಮೇಲೆ ಎರಗಿದ ಎರಡು ಸಿಂಹಗಳು 135 ಜನರನ್ನು ಕೊಂದವೆಂದು ಅವನ್ನು ಬೇಟೆಯಾಡಿದ ಪ್ಯಾಟರ್ಸನ್ ಹೇಳಿಕೊಂಡಿದ್ದ. ಷಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ ಅವುಗಳ ಕೂದಲು, ಮೂಳೆಗಳನ್ನು ಅಳೆದ 2009ರ ಅಧ್ಯಯನ, ಅವು ತಿಂದದ್ದು ಸುಮಾರು 35 ಜನರನ್ನು ಎಂದು ಅಂದಾಜಿಸಿತು: ಒಂದು ಸುಮಾರು 24, ಇನ್ನೊಂದು 11. ಒಟ್ಟಿಗೆ ಬೇಟೆಯಾಡಿದ ಜೋಡಿಯ ಊಟ ಬೇರೆ ಬೇರೆಯಾಗಿತ್ತೆಂದು ತಿಳಿದದ್ದು ಈ ವಿಧಾನದ ನಿಜವಾದ ಸಾಧನೆ. ಆದರೆ ಒಟ್ಟು ಅಂದಾಜಿನ ವ್ಯಾಪ್ತಿ 4ರಿಂದ 72. ಮನುಷ್ಯರ ಅಳತೆಗೆ ಬಳಸಿದ್ದು ಸ್ಥಳೀಯ ತೈತ ಜನರ ಅವಶೇಷಗಳನ್ನು. ರೈಲುಹಾದಿಯ ಕೂಲಿಗಳಲ್ಲಿ ಬಹಳಷ್ಟು ಜನ ಭಾರತದಿಂದ ಹೋದವರು, ಅವರ ಊಟದ ರೂಢಿ ಬೇರೆ. ಪತ್ತೆಹಚ್ಚಬೇಕಾದ ಆಹಾರದ ಅಳತೆ ಎಷ್ಟು ಖಚಿತವೋ ಉತ್ತರವೂ ಅಷ್ಟೇ ಖಚಿತ. ಇದಲ್ಲದೆ, ಕೊಂದೂ ತಿನ್ನದೆ ಬಿಟ್ಟ ದೇಹಗಳು ಸಿಂಹದ ಮೂಳೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಸಾರಜನಕದ ಏರಿಕೆಯೂ ಎಲ್ಲ ಪ್ರಾಣಿಗಳಲ್ಲಿ, ಎಲ್ಲ ಅಂಗಾಂಶಗಳಲ್ಲಿ ಒಂದೇ ಸಮನಲ್ಲ. ಉಪವಾಸ ಬಿದ್ದ ಪ್ರಾಣಿ ತನ್ನ ಮಾಂಸವನ್ನೇ ಕರಗಿಸಿಕೊಳ್ಳುವಾಗ ಅಳತೆ ಏರಬಹುದು. ಕಲ್ಲಿದ್ದಲು, ತೈಲ ಉರಿಸಿದ್ದರಿಂದ ವಾತಾವರಣದ ಇಂಗಾಲವೇ ಬದಲಾಗಿರುವ ಕಾರಣ ಸಂಗ್ರಹಾಲಯದ ಹಳೆಯ ಮಾದರಿಗಳನ್ನು ಇಂದಿನವುಗಳೊಂದಿಗೆ ತಿದ್ದುಪಡಿಯಿಲ್ಲದೆ ಹೋಲಿಸಲಾಗದು. ಅಮೈನೋ ಆಮ್ಲಗಳನ್ನು ಬಿಡಿಬಿಡಿಯಾಗಿ ಅಳೆಯುವ ಹೊಸ ತಂತ್ರ ಕೆಲವು ತೊಡಕುಗಳನ್ನು ಬಿಡಿಸುತ್ತದೆ: ಫಿನೈಲಲನಿನ್ ಸರಪಳಿಯ ತಳದ ಸಾರಜನಕದ ಗುರುತನ್ನು ಬಹುತೇಕ ಹಾಗೆಯೇ ಉಳಿಸಿಕೊಂಡರೆ, ಗ್ಲುಟಾಮಿಕ್ ಆಮ್ಲದಲ್ಲಿ ಸಾರಜನಕದ ಅಳತೆ ಮೆಟ್ಟಿಲೇರಿದಂತೆ ಬಹಳ ಹೆಚ್ಚುತ್ತದೆ. ಎರಡರ ಅಂತರ ಪ್ರಾಣಿಯ ಸ್ಥಾನವನ್ನು ತಿಳಿಸುತ್ತದೆ.

ಒಟ್ಟಿನಲ್ಲಿ, ಹುಲ್ಲೋ ಸೊಪ್ಪೋ, ಕಡಲಿನದೋ ನೆಲದ್ದೋ ಎಂಬಂಥ ದೊಡ್ಡ ಪ್ರಶ್ನೆಗಳಿಗೆ ಈ ವಿಧಾನ ವಿಶ್ವಾಸಾರ್ಹ. ಯಾವ ಜಾತಿಯ ಗಿಡ, ಯಾರ ಹೊಲ, ಎಷ್ಟು ತಲೆ ಎಂದು ಕೇಳಿದಾಗ ಇದು ಸಾಕ್ಷಿಗಳಲ್ಲಿ ಒಂದು ಮಾತ್ರ. ಆಹಾರದ ಮಾದರಿಗಳನ್ನು ಅದೇ ನೆಲದಿಂದ ಸಂಗ್ರಹಿಸಿ, ಅಂಗಾಂಶವನ್ನೂ ಪ್ರಾಣಿಯ ವಯಸ್ಸನ್ನೂ ನಮೂದಿಸಿ, ಅಂದಾಜಿನ ವ್ಯಾಪ್ತಿಯನ್ನು ಪೂರ್ತಿಯಾಗಿ ಪ್ರಕಟಿಸಿದ ಅಧ್ಯಯನವನ್ನೇ ನೆಚ್ಚಬೇಕು.