ಸಾಲ್ಮನ್ನಿನ ಲೆಕ್ಕ, ಗೆಂಡೆಯ ತಟ್ಟೆ: ಸಾಕುಮೀನಿನ ಆಹಾರದಲ್ಲಿ ಸಸ್ಯಜನ್ಯ ಎಣ್ಣೆ ಕುರಿತ ಸಂಶೋಧನೆಗಳ ವಿಮರ್ಶೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ)

ನನ್ನ ಧ್ವನಿ ಎಲ್ಲರಿಗೂ ಕೇಳಿಸ್ತಾ ಇದೆ ಅಂದುಕೊಳ್ತೀನಿ. ಸಮಯ ಕಡಿಮೆ ಇರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಒಂದೇ ಒಂದು ವಾದವನ್ನು. ಸಾಕಿದ ಮೀನಿಗೆ ಮೀನೆಣ್ಣೆಯ ಬದಲು ಸಸ್ಯದ ಎಣ್ಣೆ ತಿನ್ನಿಸುತ್ತಾರೆ, ಅದರಿಂದ ಮೀನಿನ ಒಮೆಗಾ-3 ಇಳಿಯುತ್ತದೆ, ಆದ್ದರಿಂದ ಸಾಕಿದ ಮೀನು ಹೃದಯಕ್ಕೆ ಒಳ್ಳೆಯದಲ್ಲ ಎನ್ನುವುದು ಆ ವಾದ. ಆರೋಗ್ಯ ಅಂಕಣಗಳಲ್ಲಿ ಇದನ್ನು ಓದಿರುತ್ತೀರಿ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಿಗೂ ಇದು ಹಾಗೇ ಇಳಿದುಬರುತ್ತದೆ. ಇದರ ಮೊದಲ ಅರ್ಧ ಸಾಲ್ಮನ್ ಮೀನಿನ ಮಟ್ಟಿಗೆ ನಿಜ. ‘ಆದ್ದರಿಂದ’ ಎನ್ನುವ ಪದದ ನಂತರದ್ದು ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ. ಇನ್ನು ನಮ್ಮೂರಿನ ಮೀನಿಗೆ ಈ ಇಡೀ ವಾದವೇ ಹೊಂದುವುದಿಲ್ಲ ಎಂಬುದು ನನ್ನ ಪಕ್ಷ.

ನಮ್ಮೂರು ಅಂದರೆ ಅದಿಯಮಾನ್‌ಕೋಟೆ, ಸೇಲಂನಿಂದ ಧರ್ಮಪುರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಅದಿಯಮಾನ್ ದೊರೆ ಅಪರೂಪದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವ್ವೈಯಾರ್‌ಗೆ ಕೊಟ್ಟ ಕಥೆ ನಿಮಗೆ ಗೊತ್ತಿರಬಹುದು. ಅಂದರೆ ಆಯುಸ್ಸು ಹೆಚ್ಚಿಸುವ ಆಹಾರದ ಚರ್ಚೆ ನಮ್ಮೂರಿಗೆ ಹೊಸದೇನಲ್ಲ! ಮೀನಿನ ವಿಷಯಕ್ಕೆ ಬಂದರೆ, ನಮ್ಮ ಕಡೆ ತಟ್ಟೆಗೆ ಬರುವ ಸಿಹಿನೀರಿನ ಮೀನು ಅಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಮತ್ತೆ ಜಿಲೇಬಿ ಎಂದು ಕರೆಯುವ ತಿಲಾಪಿಯಾ. ಇವು ಬರುವುದು 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟಿನ ಜಲಾಶಯದಿಂದ, ಸುತ್ತಲಿನ ಕೆರೆಗಳಿಂದ, ಸಾಕಣೆ ಹೊಂಡಗಳಿಂದ. ಸಾಲ್ಮನ್ ಅನ್ನು ಇಲ್ಲಿ ಟಿವಿಯಲ್ಲಿ ನೋಡಿದವರೇ ಹೆಚ್ಚು.

ಹಾಗಿದ್ದೂ ಸಾಲ್ಮನ್ ಸಾಹಿತ್ಯದಿಂದಲೇ ಶುರು ಮಾಡಬೇಕು, ಯಾಕೆಂದರೆ ವಾದ ಹುಟ್ಟಿದ್ದು ಅಲ್ಲಿ. 1990ರ ಸುಮಾರಿಗೆ ನಾರ್ವೆಯ ಸಾಲ್ಮನ್ ಆಹಾರದಲ್ಲಿ ನೂರಕ್ಕೆ 90ರಷ್ಟು ಸಮುದ್ರ ಮೂಲದ್ದೇ ಇತ್ತು: ಮೀನಿನ ಹುಡಿ ಮತ್ತು ಮೀನೆಣ್ಣೆ. 2013ರ ಹೊತ್ತಿಗೆ ಅದು 30ರ ಆಸುಪಾಸಿಗೆ ಇಳಿಯಿತು. ಖಾಲಿಯಾದ ಜಾಗಕ್ಕೆ ಸೋಯಾ ಪ್ರೋಟೀನ್ ಮತ್ತು ಮುಖ್ಯವಾಗಿ ರೇಪ್‌ಸೀಡ್ ಎಣ್ಣೆ ಬಂತು. ರೇಪ್‌ಸೀಡ್ ಅಂದರೆ ನಮ್ಮ ಸಾಸಿವೆಯ ದಾಯಾದಿ. ಇದರ ಪರಿಣಾಮವನ್ನು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸ್ಪ್ರೇಗ್, ಡಿಕ್ ಮತ್ತು ಟೋಚರ್ 2016ರಲ್ಲಿ ಪ್ರಕಟಿಸಿದರು. 2006ರಲ್ಲಿ ಅಲ್ಲಿನ ಸಾಕಿದ ಸಾಲ್ಮನ್ನಿನ 100 ಗ್ರಾಂ ಮಾಂಸದಲ್ಲಿ ಇಪಿಎ ಮತ್ತು ಡಿಎಚ್‌ಎ ಸೇರಿ ಸುಮಾರು 2.7 ಗ್ರಾಂ ಇತ್ತು. 2015ರಲ್ಲಿ ಸುಮಾರು 1.4 ಗ್ರಾಂ, ಅಂದರೆ ಹತ್ತಿರ ಹತ್ತಿರ ಅರ್ಧ. ಈ ಅರ್ಧವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಉಳಿದ ಅರ್ಧವೇ ಬೇರೆ ಬಹುತೇಕ ಮೀನು-ಮಾಂಸಗಳಿಗಿಂತ ಹೆಚ್ಚು ಎಂದು ಅದೇ ಲೇಖಕರು ಹೇಳಿದ್ದನ್ನು ಬಿಟ್ಟುಬಿಡುತ್ತಾರೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 250 ಮಿಲಿಗ್ರಾಂ ಬೇಕು ಎಂಬುದು ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಅಂದಾಜು. ವಾರದ ಲೆಕ್ಕ ಹಾಕಿದರೆ 1.75 ಗ್ರಾಂ. ‘ಕಡಿಮೆಯಾದ’ ಸಾಲ್ಮನ್ನಿನ ಒಂದು ಒಳ್ಳೆಯ ಹೋಳೇ ಅದನ್ನು ಹೆಚ್ಚುಕಡಿಮೆ ತುಂಬಿಸುತ್ತದೆ.

ಮನುಷ್ಯರ ಮೇಲೆ ಏನಾಗುತ್ತದೆ? ಇಲ್ಲಿ ಎಲ್ಲರೂ ಕೈ ತೋರಿಸುವುದು ನಾರ್ವೆಯ ಸೈಯರ್‌ಸ್ಟಾಡ್ ಮತ್ತು ಸಂಗಡಿಗರ 2005ರ ಪ್ರಯೋಗವನ್ನು. ಹೃದಯದ ರಕ್ತನಾಳದ ಕಾಯಿಲೆ ಇದ್ದ 60 ಜನರನ್ನು ಮೂರು ಗುಂಪು ಮಾಡಿದರು. ವಾರಕ್ಕೆ ಸುಮಾರು 700 ಗ್ರಾಂ ಸಾಲ್ಮನ್, ಆರು ವಾರ. ಒಂದು ಗುಂಪಿಗೆ ಪೂರ್ತಿ ಮೀನೆಣ್ಣೆ ತಿಂದು ಬೆಳೆದ ಮೀನು, ಇನ್ನೊಂದಕ್ಕೆ ಪೂರ್ತಿ ರೇಪ್‌ಸೀಡ್ ಎಣ್ಣೆಯದು, ಮಧ್ಯದ್ದಕ್ಕೆ ಅರ್ಧರ್ಧ. ಮೀನೆಣ್ಣೆಯ ಸಾಲ್ಮನ್ ತಿಂದವರಲ್ಲಿ ಟ್ರೈಗ್ಲಿಸರೈಡ್ ಮತ್ತು ಉರಿಯೂತದ ಕೆಲವು ಸೂಚಕಗಳು ಇಳಿದವು, ಉಳಿದವರಲ್ಲಿ ಅಷ್ಟು ಇಳಿಯಲಿಲ್ಲ. ಇದು ಚೊಕ್ಕವಾದ ಪ್ರಯೋಗ, ನಾನು ಅದನ್ನು ತಳ್ಳಿಹಾಕ್ತಾ ಇಲ್ಲ. ಮೀನು ತಿಂದದ್ದು ಮೀನಿನ ಮೂಲಕ ನಮ್ಮ ರಕ್ತದವರೆಗೆ ಬರುತ್ತದೆ ಅಂತ ಅದು ತೋರಿಸಿಕೊಟ್ಟಿತು. ಆದರೆ ಅದು ಅಳೆದದ್ದು ಸೂಚಕಗಳನ್ನು, ಹೃದಯಾಘಾತಗಳನ್ನಲ್ಲ. ಗುಂಪಿಗೆ ಇಪ್ಪತ್ತು ಜನ, ಆರೇ ವಾರ. ಅದಕ್ಕಿಂತ ದೊಡ್ಡ ಮಾತು ಅಂದರೆ ಆ 700 ಗ್ರಾಂ. ದಿನಕ್ಕೆ 100 ಗ್ರಾಂ ಕೊಬ್ಬಿನ ಮೀನು ತಿನ್ನುವವರ ಮೇಲಿನ ಫಲಿತಾಂಶವನ್ನು, ಭಾನುವಾರಕ್ಕೊಮ್ಮೆ ಎರಡು ತುಂಡು ರೋಹು ತಿನ್ನುವ ಮನೆಗೆ ತಂದು ಹೇರುವುದು ಹೇಗೆ? ಸಾಲ್ಮನ್ ಮಾಂಸದಲ್ಲಿ ಕೊಬ್ಬು ನೂರಕ್ಕೆ ಹತ್ತು ದಾಟುತ್ತದೆ. ನಮ್ಮ ಗೆಂಡೆ ಜಾತಿಯವು ಎರಡು ಮೂರರ ಆಸುಪಾಸು. ಕೊಬ್ಬೇ ಕಡಿಮೆ ಇರುವ ಮೀನಿನಲ್ಲಿ ಕೊಬ್ಬಿನ ಗುಣ ಬದಲಾದರೆ ತಟ್ಟೆಯಲ್ಲಿ ಆಗುವ ವ್ಯತ್ಯಾಸವೂ ಸಣ್ಣದೇ.

ಇನ್ನೊಂದು ತಕರಾರು ‘ಸಸ್ಯಜನ್ಯ ಎಣ್ಣೆ’ ಎಂಬ ಪದದ ಮೇಲೆಯೇ. ಅದು ಒಂದು ವಸ್ತುವಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ 60ರಷ್ಟು ಲಿನೋಲಿಯಿಕ್ ಆಮ್ಲ, ಅಂದರೆ ಒಮೆಗಾ-6. ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅಗಸೆ ಎಣ್ಣೆ ಇದಕ್ಕೆ ತದ್ವಿರುದ್ಧ, ಅರ್ಧಕ್ಕಿಂತ ಹೆಚ್ಚು ಆಲ್ಫಾ-ಲಿನೋಲೆನಿಕ್ ಆಮ್ಲ, ಅದು ಸಸ್ಯಮೂಲದ ಒಮೆಗಾ-3. ಪಾಮ್ ಎಣ್ಣೆ ಬೇರೆಯೇ ಕಥೆ. 1991ರಲ್ಲಿ ಸ್ಕಾಟ್ಲೆಂಡಿನ ಬೆಲ್ ಮತ್ತು ಜೊತೆಗಾರರು ಸೂರ್ಯಕಾಂತಿ ಎಣ್ಣೆ ತಿನ್ನಿಸಿದ ಸಾಲ್ಮನ್‌ಗಳ ಹೃದಯದ ಸ್ನಾಯುವಿನಲ್ಲೇ ಹಾನಿಯನ್ನು ಕಂಡರು. ಆಲೋಚಿಸಿ ನೋಡಿ, ನಾವು ನಮ್ಮ ಹೃದಯದ ಬಗ್ಗೆ ಮಾತಾಡ್ತಾ ಇದ್ದರೆ ಮೀನಿನ ಹೃದಯ ಮೊದಲೇ ಕೆಟ್ಟಿತ್ತು. ಹಾಗಂತ ಅಗಸೆ ಎಣ್ಣೆಗೂ ರೇಪ್‌ಸೀಡ್‌ಗೂ ಅದೇ ತೀರ್ಪು ಕೊಡಲಾಗುವುದಿಲ್ಲ. ಸಸ್ಯದ ಎಣ್ಣೆಯಿಂದ ಒಂದು ಲಾಭವೂ ಇದೆ: ಮೀನೆಣ್ಣೆಯ ಜೊತೆ ಬರುವ ಡಯಾಕ್ಸಿನ್, ಪಿಸಿಬಿಯಂಥ ವಿಷಗಳು ಕಡಿಮೆಯಾಗುತ್ತವೆ. ‘ಆರೋಗ್ಯ ಪರಿಣಾಮ’ ಎಂದು ಶೀರ್ಷಿಕೆ ಕೊಟ್ಟವರು ಇದನ್ನೂ ತಕ್ಕಡಿಗೆ ಹಾಕಬೇಕು.

ಈಗ ನಮ್ಮ ಹೊಂಡಕ್ಕೆ ಬರೋಣ. ಗೆಂಡೆ ಸಾಕಣೆಯಲ್ಲಿ ನಮ್ಮ ದೇಶದ ಹಳೆಯ ರೂಢಿಯ ಆಹಾರ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ, ಸಮಸಮ. ಇಲ್ಲಿ ಮೀನೆಣ್ಣೆ ಯಾವ ಕಾಲಕ್ಕೂ ಇರಲೇ ಇಲ್ಲ! ಇಲ್ಲದ್ದನ್ನು ಸಸ್ಯದ ಎಣ್ಣೆಯಿಂದ ‘ಬದಲಿಸುವುದು’ ಹೇಗೆ? ಗಾಣದ ಹಿಂಡಿಯಲ್ಲಿ ನೂರಕ್ಕೆ ಏಳೆಂಟು ಭಾಗ ಎಣ್ಣೆ ಉಳಿದಿರುತ್ತದೆ, ದ್ರಾವಕ ಹಾಕಿ ತೆಗೆದ ಹಿಂಡಿಯಲ್ಲಿ ಒಂದರಷ್ಟು. ಅಂದರೆ ನಮ್ಮ ಮೀನು ಮೊದಲಿನಿಂದಲೂ ಸಸ್ಯದ ಎಣ್ಣೆಯನ್ನೇ ತಿಂದಿದೆ, ಅದೂ ಒಮೆಗಾ-3 ಹೆಸರಿಗಷ್ಟೇ ಇರುವ ಎಣ್ಣೆಯನ್ನು.

ಆದರೂ ಅದರ ಮೈಯಲ್ಲಿ ಡಿಎಚ್‌ಎ ಸಿಗುತ್ತದೆ. ಎರಡು ಕಾರಣ. ಸಿಹಿನೀರಿನ ಗೆಂಡೆ, ತಿಲಾಪಿಯಾಗಳಿಗೆ ಹದಿನೆಂಟು ಇಂಗಾಲದ ಒಮೆಗಾ-3 ಕೊಂಡಿಯನ್ನು ಉದ್ದ ಮಾಡಿ ಇಪಿಎ, ಡಿಎಚ್‌ಎ ಕಟ್ಟಿಕೊಳ್ಳುವ ಕಿಣ್ವಗಳಿವೆ. ಸಮುದ್ರದ ಬಹಳಷ್ಟು ಬೇಟೆ ಮೀನುಗಳಿಗೆ ಆ ಶಕ್ತಿ ತೀರ ಕಡಿಮೆ. ಸಾಮಾನ್ಯ ಗೆಂಡೆಗೆ ಆಹಾರದಲ್ಲಿ ಲಿನೋಲಿಯಿಕ್ ಶೇಕಡಾ ಒಂದು, ಆಲ್ಫಾ-ಲಿನೋಲೆನಿಕ್ ಶೇಕಡಾ ಒಂದು ಬೇಕು ಅಂತ ಜಪಾನಿನ ತಕೇವುಚಿ ಮತ್ತು ವತನಬೆ 1977ರಲ್ಲೇ ತೋರಿಸಿದ್ದರು. ಎರಡನೆಯದು ಹೊಂಡದ ನೀರು. ಕಾಟ್ಲಾ ಮೇಲ್ಪದರದಲ್ಲಿ ಪ್ರಾಣಿಪ್ಲವಕ ತಿನ್ನುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ. ಪಾಚಿಯಿಂದ, ಪ್ಲವಕದಿಂದ ಒಮೆಗಾ-3 ಬಿಟ್ಟಿಯಾಗಿ ಸಿಗುತ್ತದೆ. ಆದ್ದರಿಂದ ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಗೊಬ್ಬರ ಹಾಕಿ ಹಸಿರು ನೀರು ಉಳಿಸಿಕೊಂಡ ಹೊಂಡವೋ, ಒತ್ತೊತ್ತಾಗಿ ಮರಿ ಬಿಟ್ಟು ಪೂರ್ತಿ ತೇಲುವ ಗುಳಿಗೆ ಆಹಾರದ ಮೇಲೆ ನಡೆಸುವ ಹೊಂಡವೋ? ಎರಡನೆಯದರತ್ತ ಹೋದಷ್ಟೂ ಗುಳಿಗೆಯಲ್ಲಿ ಯಾವ ಎಣ್ಣೆ ಇದೆ ಎಂಬುದಕ್ಕೆ ಬೆಲೆ ಬರುತ್ತದೆ.

ಜಿಲೇಬಿ ಮೀನಿನ ಮೇಲೆ ಒಂದು ಕಳಂಕ ಉಳಿದುಬಿಟ್ಟಿದೆ, ಅದನ್ನೂ ಹೇಳಿಬಿಡ್ತೀನಿ. 2008ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್‌ನ ವೀವರ್ ಮತ್ತು ಸಂಗಡಿಗರು ಸಾಕಿದ ತಿಲಾಪಿಯಾದಲ್ಲಿ ಒಮೆಗಾ-6ರ ಪಾಲು ಹೆಚ್ಚು ಎಂದು ಬರೆದರು. ಸುದ್ದಿಯಲ್ಲಿ ಅದು ‘ಹಂದಿ ಬೇಕನ್‌ಗಿಂತ ಕೆಟ್ಟದ್ದು’ ಆಯಿತು. ಅನುಪಾತವನ್ನೇ ಹಿಡಿದು ಮೊತ್ತವನ್ನು ಮರೆತರೆ ಹೀಗಾಗುತ್ತದೆ. ತಿಲಾಪಿಯಾದಲ್ಲಿ ಒಟ್ಟು ಕೊಬ್ಬೇ 100 ಗ್ರಾಂಗೆ ಎರಡು ಗ್ರಾಂ ಹತ್ತಿರ. ಬೇಕನ್‌ನಲ್ಲಿ ಅದರ ಎಷ್ಟೋ ಪಟ್ಟು. ಅದೇ ವರ್ಷ ವಿಲಿಯಂ ಹ್ಯಾರಿಸ್ ಮತ್ತಿತರ ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಈ ಹೋಲಿಕೆಯನ್ನು ವಿರೋಧಿಸಿದರು. ಒಮೆಗಾ-6 ಎಂದರೆ ವಿಷ ಎಂಬ ಮಾತನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ 2009ರಲ್ಲಿ ಒಪ್ಪಲಿಲ್ಲ. ಪತ್ರ ಯಾರಿಗೂ ನೆನಪಿಲ್ಲ, ಬೇಕನ್ ಮಾತ್ರ ಎಲ್ಲರಿಗೂ ನೆನಪಿದೆ.

ಹೊಗೇನಕಲ್‌ಗೆ ಹೋದವರು ಅಲ್ಲಿ ಸಾಲಾಗಿ ಮೀನು ಕರಿಯುವ ಹೆಂಗಸರನ್ನು ನೋಡಿರುತ್ತೀರಿ. ಮೀನಿನ ಎಣ್ಣೆಯ ಚರ್ಚೆ ನಿಜವಾಗಿ ತೀರ್ಮಾನವಾಗುವುದು ಆ ಬಾಣಲೆಯಲ್ಲಿ. ಲೆಕ್ಕಕ್ಕಾಗಿ 100 ಗ್ರಾಂ ರೋಹುವಿನಲ್ಲಿ ಎರಡು ಗ್ರಾಂ ಕೊಬ್ಬು ಅಂದುಕೊಳ್ಳಿ. ಕರಿಯುವಾಗ ಐದು ಗ್ರಾಂ ಸೂರ್ಯಕಾಂತಿ ಎಣ್ಣೆ ಹೀರಿದರೆ, ಅದರಲ್ಲಿ ಲಿನೋಲಿಯಿಕ್ ಒಂದೇ ಮೂರು ಗ್ರಾಂ. ಮೀನಿನ ಸ್ವಂತ ಕೊಬ್ಬನ್ನೆಲ್ಲ ಸೇರಿಸಿದರೂ ಇದಕ್ಕೆ ಸಮ ಆಗುವುದಿಲ್ಲ. ಹೊಂಡದಲ್ಲಿ ಯಾವ ಎಣ್ಣೆ ಹಾಕಿದರು ಅಂತ ತಿಂಗಳುಗಟ್ಟಲೆ ಅಳೆದು, ಬಾಣಲೆಯನ್ನು ಪ್ರಬಂಧದ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ. ಹುಣಸೆಹುಳಿಯ ಸಾರಿನಲ್ಲಿ ಬೆಂದ ಮೀನು ಬೇರೆ, ಕರಿದ ಮೀನು ಬೇರೆ. ಪ್ರಯೋಗಾಲಯಕ್ಕೆ ಹೋಗುವುದು ಮಾತ್ರ ಹಸಿ ಮೀನು.

‘ಹಾಗಾದರೆ ಗೆಂಡೆಗೂ ಮೀನೆಣ್ಣೆ ಕೊಟ್ಟರೆ ಆಯ್ತಲ್ಲ’ ಅಂತ ಕೇಳಬಹುದು. ಆ ಮೀನೆಣ್ಣೆ ಎಲ್ಲಿಂದ ಬರಬೇಕು? ಕರ್ನಾಟಕದ ಕರಾವಳಿಯಲ್ಲಿ ಅದು ಬರುವುದು ಬೂತಾಯಿಯಿಂದ. ನಮ್ಮ ಕಡೆ ಅದನ್ನೇ ಮತ್ತಿ ಅಂತಾರೆ. ನಮ್ಮ ದೇಶದ 39 ಬಗೆಯ ಮೀನುಗಳ ಕೊಬ್ಬಿನಾಮ್ಲ ಅಳೆದು ಮೊಹಾಂತಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಒಮೆಗಾ-3ಕ್ಕೆ ಮೇಲಿನ ಸಾಲಿನಲ್ಲಿ ನಿಲ್ಲುವ ಮೀನುಗಳಲ್ಲಿ ಇದೂ ಒಂದು. ಬಡವರ ತಟ್ಟೆಗೆ ನೇರವಾಗಿ ಬರಬಹುದಾದ ಮೀನನ್ನು ಹಿಂಡಿ ಎಣ್ಣೆ ತೆಗೆದು, ಅದನ್ನು ಇನ್ನೊಂದು ಮೀನಿಗೆ ತಿನ್ನಿಸಿ, ನಡುದಾರಿಯಲ್ಲಿ ಒಂದು ಪಾಲು ಕಳೆದುಕೊಂಡು, ದುಬಾರಿಯಾಗಿ ಮಾರುವುದು. ಪೋಷಣೆಯ ಹೆಸರಿನಲ್ಲಿ ಇದನ್ನು ಶಿಫಾರಸು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಬೇರೆ ದಾರಿ ಹುಡುಕಿದವರು ನಮ್ಮಲ್ಲೇ ಇದ್ದಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು 1990ರಲ್ಲೇ ಎಣ್ಣೆ ತೆಗೆಯದ ರೇಷ್ಮೆ ಪ್ಯೂಪಾವನ್ನು ಸಾಮಾನ್ಯ ಗೆಂಡೆಗೆ ತಿನ್ನಿಸಿ ನೋಡಿದ್ದರು. 1999ರಲ್ಲಿ ಎಂ. ಸಿ. ನಂದೀಶ ಮತ್ತು ಜೊತೆಯವರು ಪ್ಯೂಪಾ ಎಣ್ಣೆಯನ್ನೂ ಬೂತಾಯಿ ಎಣ್ಣೆಯನ್ನೂ ಅದೇ ಮೀನಿನ ಆಹಾರದಲ್ಲಿ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಪ್ಯೂಪಾ ಎಣ್ಣೆ ಸಸ್ಯಜನ್ಯವಲ್ಲ, ಒಪ್ಪುತ್ತೇನೆ. ಆದರೆ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದ ಹುಳುವಿನ ಆ ಎಣ್ಣೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಆಲ್ಫಾ-ಲಿನೋಲೆನಿಕ್ ಆಮ್ಲ ಇರುತ್ತದೆ. ಸೊಪ್ಪಿನ ಒಮೆಗಾ-3ನ್ನೇ ಹುಳು ಕೂಡಿಟ್ಟಿದೆ ಅನ್ನಿ. ಧರ್ಮಪುರಿಯಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯೇ ಇದೆ. ಸಾಲ್ಮನ್ ಲೇಖನಗಳನ್ನು ಅಷ್ಟು ಶ್ರದ್ಧೆಯಿಂದ ಉಲ್ಲೇಖಿಸುವ ನಾವು ಈ ಎರಡನ್ನು ಯಾಕೆ ಮರೆತೆವೋ!

ಚಾಟ್‌ನಲ್ಲಿ ಮೇಡಂ ಒಂದು ಪ್ರಶ್ನೆ ಹಾಕಿದ್ದಾರೆ: ‘ಅದೆಲ್ಲ ಸರಿ, ನಿಮ್ಮೂರಿನ ಹೃದ್ರೋಗಿ ಕೆರೆ ಮೀನು ತಿನ್ನಬೇಕೋ ಬೇಡವೋ?’ ತಿನ್ನಲಿ ಮೇಡಂ. ಒಳ್ಳೆಯ ಪ್ರೋಟೀನ್, ಕಡಿಮೆ ಕೊಬ್ಬು, ಸಾರು ಮಾಡಿಕೊಂಡು ತಿನ್ನಲಿ. ಆದರೆ ಒಮೆಗಾ-3ಕ್ಕಾಗಿ ಅದನ್ನೇ ನಂಬಿ ಕೂರಬಾರದು. ಅದಕ್ಕೆ ವಾರಕ್ಕೊಮ್ಮೆ ಮತ್ತಿ ಸಿಕ್ಕರೆ ಕೊಳ್ಳಲಿ. ಡಾಕ್ಟರು ಬರೆದ ಮಾತ್ರೆಯನ್ನು ಮೀನಿನ ಭರವಸೆಯ ಮೇಲೆ ನಿಲ್ಲಿಸುವುದಂತೂ ಬೇಡವೇ ಬೇಡ.

ಸರ್ ಕೇಳಿದ ಇನ್ನೊಂದು ಪ್ರಶ್ನೆ, ನನ್ನ ಮುಂದಿನ ಕೆಲಸ ಏನು ಅಂತ. ಒಂದೇ ನೀರಿನ ಮೂರು ತೊಟ್ಟಿ, ಸಾಮಾನ್ಯ ಗೆಂಡೆ. ಒಂದಕ್ಕೆ ತೌಡು ಮತ್ತು ಕಡಲೆಕಾಯಿ ಹಿಂಡಿ, ಇನ್ನೊಂದಕ್ಕೆ ಹಿಂಡಿಯ ಅರ್ಧ ಪಾಲು ತೆಗೆದು ಅಗಸೆ ಹಿಂಡಿ, ಮೂರನೆಯದಕ್ಕೆ ಪ್ಯೂಪಾ. ಪ್ರತಿ ತೊಟ್ಟಿಯ ಮೀನನ್ನು ಹಸಿಯಾಗಿ, ಸಾರಿನಲ್ಲಿ ಬೇಯಿಸಿ, ಕರಿದು, ಹೀಗೆ ಮೂರು ಸಲ ಅಳೆಯಬೇಕು, ನೂರಕ್ಕೆ ಇಷ್ಟು ಪಾಲು ಅಂತಲ್ಲ, ಒಂದು ಬಡಿಸುವ ತುಂಡಿಗೆ ಎಷ್ಟು ಮಿಲಿಗ್ರಾಂ ಅಂತ. ಅಗಸೆ ಹಿಂಡಿಯ ದರ ಈಗ ಎಷ್ಟಿದೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಚಾಟ್‌ನಲ್ಲಿ ಹಾಕಿ.